ಮೂವತ್ತು ಚೀಲ, ಒಂದೇ ತಾಯಿಮರ

ಸಸ್ಯತಳಿ ಆಯ್ಕೆ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ಬರುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ ತಾವು ರೈತರಿಗೆ ಹಂಚಲಿರುವ ನಲವತ್ತು ಸಾವಿರ ಸಿಲ್ವರ್ ಓಕ್ ಸಸಿಗಳನ್ನು ಹಂಚಬೇಡಿ. ಅವುಗಳ ಬೀಜ ತಂದವನು ನಾನು. ತಮ್ಮ ದಾಖಲೆಯ ಪ್ರಕಾರ ಆ ಸಸಿಗಳಿಗೆ ಮೂವತ್ತು ತಾಯಿಮರಗಳಿವೆ, ಎಲ್ಲವೂ ಗೆರೆ ಎಳೆದಂತೆ ನೆಟ್ಟಗೆ, ಎಲ್ಲವೂ ಎಂಬತ್ತು ಅಡಿಗೆ ಕಡಿಮೆಯಿಲ್ಲದ ಎತ್ತರ. ವಾಸ್ತವದಲ್ಲಿ ಇರುವುದು ಒಂದೇ ತಾಯಿಮರ. ಅದು ತಮ್ಮ ಕಚೇರಿಯ ಹಿಂದೆ ಸೈಕಲ್ ಶೆಡ್ಡಿಗೆ ಆನಿಕೊಂಡು ನಿಂತಿದೆ. ತಾವು ಕುರ್ಚಿಯಲ್ಲಿ ಸ್ವಲ್ಪ ಎಡಕ್ಕೆ ತಿರುಗಿದರೆ ಕಿಟಕಿಯಲ್ಲಿ ಕಾಣುತ್ತದೆ. ಇದನ್ನು ಹೆದರಿಕೊಂಡೇ ಬರೆಯುತ್ತಿದ್ದೇನೆ. ಮೂರು ಸಲ ಹರಿದು ಹಾಕಿ ಬರೆದರೂ ಅಕ್ಷರಗಳೆಲ್ಲ ಸೊಟ್ಟಗಾಗಿವೆ. ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ, ಅವರು ಅಚ್ಚು ಹಾಕಿದರೆ ಅದು ತಮಗೆ ಕಾಣಲಿಕ್ಕಿಲ್ಲ ಎಂಬುದೊಂದೇ ಸಮಾಧಾನ.

ಹಾಜರಿ ಪುಸ್ತಕದಲ್ಲಿ ನನ್ನ ಹುದ್ದೆ 'ಬೀಜ ಸಂಗ್ರಾಹಕ'. ಊರಿನವರು ಕರೆಯುವುದು ಮರಕೋತಿ ಎಂದು. ಹದಿನೇಳು ವರ್ಷದಿಂದ ಮರ ಹತ್ತಿ ಬೀಜ ಇಳಿಸುವುದೇ ನನ್ನ ಅನ್ನ. ಸಿಲ್ವರ್ ಓಕ್ ಬೀಜವನ್ನು ನೆಲದ ಮೇಲೆ ಆರಿಸಿಕೊಳ್ಳಲಾಗದು. ಕಾಯಿ ಕಂದು ಬಣ್ಣಕ್ಕೆ ತಿರುಗಿದ ಎರಡು ಮೂರು ದಿನದಲ್ಲಿ ಬಿರಿಯುತ್ತದೆ, ರೆಕ್ಕೆಯಿರುವ ಬೀಜ ಗಾಳಿಯ ಪಾಲಾಗುತ್ತದೆ. ಅಷ್ಟರೊಳಗೆ ಯಾರಾದರೂ ಮೇಲೆ ಹೋಗಿ, ಕೊಕ್ಕೆ ಕೋಲಿನಿಂದ ಗೊಂಚಲು ಎಳೆದು ಕತ್ತರಿಸಿ, ಕೆಳಗೆ ಹಾಸಿದ ತಾಡಪಾಲಿನ ಮೇಲೆ ಬೀಳಿಸಬೇಕು. ಬೀಜವೋ ತೀರಾ ಹಗುರ, ನಾಲ್ಕು ಹಿಡಿಯಲ್ಲಿ ಒಂದು ಊರಿನ ಹೊಲಗಳಿಗೆಲ್ಲ ಸಾಕಾಗುವಷ್ಟು ಮರ. ಆದ್ದರಿಂದ ಒಬ್ಬನು ಮಾಡಿದ ತಪ್ಪು ನಲವತ್ತು ಸಾವಿರ ಆಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ತಾವು ಬರೆದ ಕೈಪಿಡಿಯನ್ನು ಓದಿದ್ದೇನೆ. ಸುಳ್ಳೇಕೆ ಹೇಳಲಿ, ಒಳ್ಳೆಯ ಕೈಪಿಡಿ. ಮನೆಗೆ ಬಾಡಿಗೆಯವರನ್ನು ಆರಿಸುವಷ್ಟೇ ಜಾಗ್ರತೆಯಿಂದ ಹೊಲಕ್ಕೆ ಮರವನ್ನು ಆರಿಸಬೇಕು ಎನ್ನುತ್ತದೆ. ಬೇರು ಆಳಕ್ಕಿಳಿಯಬೇಕು, ಪಕ್ಕದ ಬೆಳೆಯ ನೀರಿಗೆ ಬಾಯಿ ಹಾಕಬಾರದು. ಕಾಂಡ ನೆಟ್ಟಗಿದ್ದು ನೆರಳು ಮೇಲೆಯೇ ಉಳಿಯಬೇಕು. ಸವರಿದ ಕೊಂಬೆ ಒಲೆಗೋ ದನಕ್ಕೋ ಆಗಬೇಕು, ಉದುರಿದ ಎಲೆ ಗೊಬ್ಬರವಾಗಬೇಕು. ಎಲ್ಲವನ್ನೂ ಒಂದೇ ಮರದಿಂದ ಬಯಸದೆ ನಾಲ್ಕಾರು ಜಾತಿ ಬೆರೆಸಿ ನೆಡಬೇಕು. ಕೊನೆಯ ಪುಟದಲ್ಲಿ ಹನ್ನೆರಡು ಜಾತಿಗಳ ಪಟ್ಟಿಯೂ ಇದೆ. ನರ್ಸರಿಯಲ್ಲಿ ಇರುವುದು ಒಂದು. ಮೇವಿನ ಮರ ಕೇಳಿದವರಿಗೆ ಕೌಂಟರಿನ ಗುಮಾಸ್ತರು ತಲೆಯೆತ್ತದೆ 'ಪಟ್ಟೀಲಿದೆ, ಗಿಡ ಇಲ್ಲ' ಎನ್ನುತ್ತಾರೆ. ಸೌದೆಗೆ ಏನು ಎಂದರೆ ಸಿಲ್ವರ್ ಓಕ್, ಜೇನಿಗೆ ಏನು ಎಂದರೆ ಸಿಲ್ವರ್ ಓಕ್, ಬೇಲಿಗೂ ಅದೇ. ಜ್ವರಕ್ಕೂ ಕಾಲುನೋವಿಗೂ ಒಂದೇ ಮಾತ್ರೆ ಕೊಡುವ ವೈದ್ಯರ ಬಳಿ ತಾವು ಎರಡನೇ ಸಲ ಹೋಗುತ್ತೀರಾ? ಆದರೂ ಆ ಒಂದು ಜಾತಿಯ ವಿಷಯದಲ್ಲಿ ಕೈಪಿಡಿ ಸರಿಯಾಗಿಯೇ ಹೇಳಿತ್ತು. ಕನಿಷ್ಠ ಮೂವತ್ತು ತಾಯಿಮರಗಳಿಂದ, ಒಂದಕ್ಕೊಂದು ದೂರ ನಿಂತ, ಕವಲೊಡೆಯದ ಮರಗಳಿಂದಲೇ ಬೀಜ ತರತಕ್ಕದ್ದು ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ. ಆ ಮೂವತ್ತು ಮರ ಏರುವವನಿಗೆ ಏನು ಬೇಕು ಎಂಬುದು ಮಾತ್ರ ದಪ್ಪ ಅಕ್ಷರದಲ್ಲೂ ಇಲ್ಲ, ಸಣ್ಣ ಅಕ್ಷರದಲ್ಲೂ ಇಲ್ಲ.

ಏರುವವನಿಗೆ ಬೇಕಾದದ್ದು ಕೆಳಗೊಬ್ಬರು. ಹನ್ನೊಂದು ವರ್ಷ ನಾನು ಹತ್ತಿದ ಮರದ ಕೆಳಗೆ ನಿಂತವಳು ನನ್ನ ಒಡಹುಟ್ಟಿದ ಅಕ್ಕ. ಹುದ್ದೆಯ ಹೆಸರು 'ಹಗ್ಗ ಸಹಾಯಕಿ'. ಮೇಲಿನ ಕೊಂಬೆ ಸುತ್ತಿ ಬಂದ ಹಗ್ಗದ ಒಂದು ತುದಿ ನನ್ನ ಸೊಂಟದಲ್ಲಿ, ಇನ್ನೊಂದು ತುದಿ ಅವಳ ಸೊಂಟ ಸುತ್ತಿ ಕೈಯಲ್ಲಿ. ನಾನು ಒಂದಡಿ ಏರಿದರೆ ಅವಳು ಒಂದಡಿ ಎಳೆದುಕೊಳ್ಳುತ್ತಿದ್ದಳು, ನಾನು ಇಳಿಯುವಾಗ ಅಷ್ಟಷ್ಟೇ ಬಿಡುತ್ತಿದ್ದಳು. ಮೇಲಿಂದ ನೋಡಿದರೆ ಅವಳ ಮುಖ ಒಂದು ಬಟ್ಟಲಿನಷ್ಟು ಕಾಣುತ್ತಿತ್ತು, ಬಾಯಿ ಮಾತ್ರ ಎಂಬತ್ತಡಿಗೂ ಮುಟ್ಟುತ್ತಿತ್ತು. ಯಾವ ಕೊಂಬೆ ಒಣಗಿದೆ, ಎಲ್ಲಿ ಜೇನುಗೂಡಿದೆ ಎಂದು ಅವಳೇ ಕೆಳಗಿನಿಂದ ಹೇಳುವವಳು. ನಾನು ಸಿಡುಕಿದರೆ, ಹೊಟ್ಟೆ ಹಸಿದಿದ್ರೆ ಇಳಿದು ಬಾ, ಊಟದ ಡಬ್ಬಿ ಇಲ್ಲೇ ಇದೆ ಎಂದು ರೇಗಿಸುತ್ತಿದ್ದಳು. ಆ ದಿನಗಳಲ್ಲಿ ನನಗೆ ಭಯವೆಂದರೆ ಏನೆಂದು ಗೊತ್ತಿರಲಿಲ್ಲ. ಆ ಧೈರ್ಯವೆಲ್ಲ ನನ್ನದೇ ಎಂದುಕೊಂಡಿದ್ದೆ.

ಆರು ವರ್ಷದ ಹಿಂದೆ ತಮ್ಮ ಸಹಿ ಇರುವ ಸುತ್ತೋಲೆ ಬಂತು. ಹಗ್ಗ ಹಿಡಿಯುವುದು ಕೌಶಲರಹಿತ ಕೆಲಸವೆಂದೂ, ಹಗ್ಗದ ತುದಿಯನ್ನು ಪಕ್ಕದ ಮರಕ್ಕೆ ಕಟ್ಟಿಕೊಳ್ಳಬಹುದೆಂದೂ, ಸದರಿ ಹುದ್ದೆಯನ್ನು ಈ ಮೂಲಕ ರದ್ದುಪಡಿಸಲಾಗಿದೆಯೆಂದೂ ಅದರಲ್ಲಿತ್ತು. ಪಕ್ಕದ ಮರ ಯಾವತ್ತಾದರೂ ಹಗ್ಗ ಸಡಿಲಿಸಿದ್ದನ್ನು ತಾವು ಕಂಡಿದ್ದೀರಾ? ಕೊಂಬೆ ಒಣಗಿದೆ, ಕಾಲಿಡಬೇಡ ಎಂದು ಅದು ಕೂಗಿ ಹೇಳೀತೇ? ಅಕ್ಕ ಜಗಳ ಮಾಡಲಿಲ್ಲ. ಮೂರೆಕರೆ ಹೊಲ ಗೇಣಿಗೆ ಹಿಡಿದು ಮೆಕ್ಕೆಜೋಳ ಹಾಕಿದಳು. ಮರುವರ್ಷ ಹೊಲದ ಮೂಲೆಯ ಎರಡು ಕೋಣೆಗಳಲ್ಲಿ, ದುಡಿಯಲು ಹೋಗುವ ತಾಯಂದಿರ ಮಕ್ಕಳನ್ನು ಹಗಲಿಡೀ ನೋಡಿಕೊಳ್ಳತೊಡಗಿದಳು. ಈಗ ಅಲ್ಲಿ ಇಪ್ಪತ್ತೆರಡು ಮಕ್ಕಳಿದ್ದಾರೆ. ಅಂಗಳದಲ್ಲಿ ಒಂದು ಚೂರೂ ನೆರಳಿಲ್ಲ.

ಸುತ್ತೋಲೆ ಬಂದ ವರ್ಷವೇ, ಒಂದು ಮಧ್ಯಾಹ್ನ, ಕಾಯಿ ಎಷ್ಟು ಬಲಿತಿದೆ ಎಂದು ನೋಡಲು ಹತ್ತಿದ್ದ, ಮೂವತ್ತರ ಪೈಕಿ ಹನ್ನೊಂದನೇ ನಂಬರಿನ ಮರದಲ್ಲಿ ನನ್ನ ಕಾಲ ಕೆಳಗಿನ ಕೊಂಬೆ ಮುರಿಯಿತು. ಹಗ್ಗ ನನ್ನನ್ನು ಹಿಡಿಯಿತು, ಅದರ ಮೇಲೆ ದೂರಿಲ್ಲ. ಐವತ್ತಡಿ ಎತ್ತರದಲ್ಲಿ, ಕಾಂಡದಿಂದ ಎರಡು ಮಾರು ಆಚೆ, ಬಾವಿಗೆ ಇಳಿಬಿಟ್ಟ ಕೊಡದ ಹಾಗೆ ತೂಗಾಡುತ್ತ ಉಳಿದೆ. ಇಳಿಸುವವರು ಯಾರೂ ಇಲ್ಲ. ಪಕ್ಕದ ಮರ ತಮ್ಮ ಸುತ್ತೋಲೆಯನ್ನು ಓದಿಕೊಂಡಂತೆ ಗಂಟನ್ನು ನಿಷ್ಠೆಯಿಂದ ಹಿಡಿದು ನಿಂತಿತ್ತು. ಸೊಂಟದ ಪಟ್ಟಿ ಪಕ್ಕೆಗೆ ಒತ್ತಿ ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಮೊದಲು ಯಾರಾದರೂ ಇದ್ದೀರಾ ಎಂದು ಕೂಗಿದೆ. ಆಮೇಲೆ ಬರೀ ಅಕ್ಕಾ, ಅಕ್ಕಾ ಎಂದು ಕೂಗಿದೆ, ಅವಳು ಎಂಟು ಮೈಲಿ ದೂರದ ಹೊಲದಲ್ಲಿ ಕಳೆ ಕೀಳುತ್ತಿರುತ್ತಾಳೆ ಎಂದು ಗೊತ್ತಿದ್ದೂ. ಎರಡು ಗಂಟೆಯ ನಂತರ ಜೋಲಿ ಹೊಡೆದು ಹೊಡೆದು ಕಾಂಡವನ್ನು ತಬ್ಬಿ ಹಿಡಿದು, ಹಗ್ಗ ಕೊಯ್ದುಕೊಂಡು ಜಾರಿ ಇಳಿದೆ. ಎದೆಯ ಚರ್ಮ ಮರಕ್ಕೇ ಅಂಟಿ ಉಳಿಯಿತು. ಅಕ್ಕನಿಗೆ ಸೈಕಲ್ಲಿನಿಂದ ಬಿದ್ದೆ ಎಂದು ಹೇಳಿದೆ. ತಮ್ಮ ಅಪಘಾತದ ನಮೂನೆ ತುಂಬಲು ಕುಳಿತರೆ ಕೊನೆಯ ಸಾಲಿನಲ್ಲಿ 'ಪ್ರತ್ಯಕ್ಷದರ್ಶಿ ಹಗ್ಗ ಸಹಾಯಕರ ಸಹಿ ಕಡ್ಡಾಯ' ಎಂದಿತ್ತು. ಹುದ್ದೆ ರದ್ದಾಗಿತ್ತು, ನಮೂನೆ ರದ್ದಾಗಿರಲಿಲ್ಲ. ಹೀಗಾಗಿ ಆ ವರ್ಷ ತಮ್ಮ ವಿಭಾಗದಲ್ಲಿ ಯಾವುದೇ ಅಪಘಾತ ಸಂಭವಿಸಿಲ್ಲ ಎಂದು ವಾರ್ಷಿಕ ವರದಿಯಲ್ಲಿ ದಾಖಲಾಗಿದೆ.

ಅಂದಿನಿಂದ ನನಗೆ ಭಯ. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಮನೆಯಲ್ಲಿ ಬಲ್ಬು ಬದಲಿಸಬೇಕಾದರೂ ಸ್ಟೂಲು ಹತ್ತದೆ ಪಕ್ಕದ ಮನೆಯ ಹುಡುಗನನ್ನು ಕರೆಯುತ್ತೇನೆ. ಗಾಯ ಮಾಗಿದ ಮೇಲೆ, ಹನ್ನೊಂದನೇ ಮರದ ಸಹವಾಸ ಬೇಡ, ಒಂದನೇ ಮರವಾದರೂ ಹತ್ತೋಣ ಎಂದು ಹೋದೆ. ಏಣಿಯ ಆರನೇ ಮೆಟ್ಟಿಲಲ್ಲಿ ಕಾಲು ನಿಂತುಹೋಯಿತು. ಮೇಲೂ ಹೋಗದು, ಕೆಳಗೂ ಬಾರದು. ಕಣ್ಣು ಮುಚ್ಚಿಕೊಂಡು, ಒಂದೊಂದೇ ಮೆಟ್ಟಿಲನ್ನು ಬೆರಳಲ್ಲಿ ತಡವಿ ಇಳಿದೆ. ಕಾಯಿಗಳು ಆಗಲೇ ಕಂದಾಗುತ್ತಿದ್ದವು. ಬರಿಗೈಯಲ್ಲಿ ಕಚೇರಿಗೆ ಮರಳಿ, ಸೈಕಲ್ ನಿಲ್ಲಿಸುವಾಗ ತಲೆಯೆತ್ತಿ ನೋಡಿದೆ. ಶೆಡ್ಡಿನ ತಗಡಿನ ಮೇಲೆ, ಕುಳಿತಲ್ಲಿಂದಲೇ ಕೈಗೆಟುಕುವಂತೆ, ಕಾಯಿಯ ಗೊಂಚಲುಗಳು ಜೋತುಬಿದ್ದಿದ್ದವು.

ಆ ಮರ ತಮಗೆ ಗೊತ್ತಿರುವುದೇ. ಎದೆಮಟ್ಟದಲ್ಲಿ ಕತ್ತರಿಯಂತೆ ಎರಡಾಗಿ ಸೀಳಿದೆ. ಒಂದು ಕವಲು ತಗಡಿನ ಮೇಲೆ ಮಲಗಿದೆ, ಇನ್ನೊಂದು ಬೀಳದಿರಲೆಂದು ಯಾರೋ ತಂತಿ ಕಟ್ಟಿದ್ದಾರೆ. ಸೀಳಿನಲ್ಲಿ ಮಳೆನೀರು ನಿಲ್ಲುತ್ತದೆ. ಹೊಲದಲ್ಲಿ ಬೆಳೆಸಬಾರದ ಮರಕ್ಕೆ ಚಿತ್ರ ಬೇಕೆಂದಿದ್ದರೆ ಕೈಪಿಡಿಯಲ್ಲಿ ಇದನ್ನೇ ಅಚ್ಚು ಹಾಕಬಹುದಿತ್ತು. ನಾನು ಅದರಿಂದಲೇ ಎರಡು ಮೂಟೆ ಕಾಯಿ ಕೊಯ್ದೆ. ಬಿಸಿಲಿಗೆ ಹರಡಿ, ಬಿರಿದ ಮೇಲೆ ಕೇರಿ, ಬೀಜವನ್ನು ಮೂವತ್ತು ಬಟ್ಟೆಚೀಲಗಳಿಗೆ ಹಂಚಿದೆ. ಒಂದರಿಂದ ಮೂವತ್ತರವರೆಗೆ ಚೀಟಿ ಬರೆದು ಕಟ್ಟಿದೆ. ಅನುಮಾನ ಬಾರದಿರಲೆಂದು ಮೂರು ಬಗೆಯ ಪೆನ್ನು ಬಳಸಿದೆ, ನಾಲ್ಕನೇ ಮರದ ಚೀಲಕ್ಕೆ ಸ್ವಲ್ಪ ಕಡಿಮೆ ತುಂಬಿ 'ಈ ವರ್ಷ ಇಳುವರಿ ಸಾಧಾರಣ' ಎಂದು ಷರಾ ಬರೆದೆ. ನರ್ಸರಿಗೆ ಹೋದಾಗ ಅಲ್ಲಿಯವರು ಮೂವತ್ತೂ ಚೀಲಗಳನ್ನು ಒಂದೇ ತೊಟ್ಟಿಗೆ ಸುರಿದು ಕಲಸಿದರು. ಕಳ್ಳನಿಗೊಂದು ಪಿಳ್ಳೆ ನೆವ ಎಂಬಂತೆ ನನಗೆ ಅಷ್ಟೇ ಸಾಕಾಯಿತು. ಮುಂದಿನ ವರ್ಷವೂ ಹಾಗೆಯೇ ಮಾಡಿದೆ, ಅದರ ಮುಂದಿನ ವರ್ಷವೂ.

ಮೂರನೇ ವರ್ಷ ತಾವು ನನಗೊಂದು ಪ್ರಶಂಸಾ ಪತ್ರ ಕೊಟ್ಟಿರಿ. 'ಮೂವತ್ತು ಪ್ರತ್ಯೇಕ ತಾಯಿಮರಗಳ ಬೀಜದಿಂದ ಇಷ್ಟು ಏಕರೂಪದ ಸಸಿಗಳು ಮೂಡಿಬಂದಿರುವುದು ಶ್ಲಾಘನೀಯ' ಎಂದು ಅದರಲ್ಲಿದೆ. ಒಂದೇ ತಾಯಿಯ ಮಕ್ಕಳು ಮತ್ತೆ ಹೇಗಿರುತ್ತವೆ ಸ್ವಾಮಿ? ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬುದನ್ನು ಮರ ನೋಡದವರೂ ಬಲ್ಲರು. ತಾವು ಒಂದೇ ಒಂದು ಸಲ ಅನುಮಾನಪಟ್ಟಿದ್ದರೆ, ಏಳನೇ ಮರ ಎಲ್ಲಿದೆ ತೋರಿಸು ಎಂದಿದ್ದರೆ, ನಾನು ಅಲ್ಲೇ ಕಾಲಿಗೆ ಬಿದ್ದು ಎಲ್ಲ ಹೇಳಿಬಿಡುತ್ತಿದ್ದೆ. ಹಾಗೆ ಕೇಳಲಿ ಎಂದು ಹೆದರುತ್ತಲೇ ಕಾದಿದ್ದೆ. ತಾವು ಕೇಳಲಿಲ್ಲ, ಕೈ ಕುಲುಕಿದಿರಿ. ಅಕ್ಕ ಆ ಪತ್ರಕ್ಕೆ ಕಟ್ಟು ಹಾಕಿಸಿ, ಮಕ್ಕಳು ಊಟಕ್ಕೆ ಕೂರುವ ಕೋಣೆಯಲ್ಲಿ ತೂಗುಹಾಕಿದ್ದಾಳೆ.

ಹೋದ ತಿಂಗಳು ಗಾಳಿ ಬೀಸಿದ ಮರುದಿನ, ಐದು ವರ್ಷದ ಹಿಂದೆ ಮೊದಲ ತಂಡದ ಎಂಬತ್ತು ಸಸಿ ಒಯ್ದಿದ್ದ ನಿವೃತ್ತ ಲೆಕ್ಕದ ಮೇಷ್ಟ್ರು ನನಗೆ ಹೇಳಿಕಳುಹಿಸಿದರು. ಪಂಪಿನ ಮನೆಯ ಪಕ್ಕದ ಮರ ಕವಲಿನಲ್ಲಿ ಸೀಳಿ, ಅರ್ಧ ಮರ ಸೂರಿನ ಮೇಲೆ ಬಿದ್ದಿತ್ತು. ಅವರ ಹೆಂಡತಿ ಒಣಗಿದ ಬಟ್ಟೆ ತೆಗೆದುಕೊಂಡು ಆ ಬಾಗಿಲಿನಿಂದ ಆಚೆ ಬಂದು ನಾಲ್ಕು ಹೆಜ್ಜೆ ಹಾಕಿದ್ದರಂತೆ. ಆಕೆ ಇನ್ನೂ ಬಟ್ಟೆಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕುಳಿತಿದ್ದರು, ಮಡಿಸಿರಲಿಲ್ಲ. ಮೇಷ್ಟ್ರು ನನ್ನನ್ನು ಹೊಲದ ಸುತ್ತ ಕರೆದೊಯ್ದರು. ಮರದಡಿಯ ಎರಡು ಸಾಲು ಜೋಳ ಬಿಳಿಚಿಕೊಂಡು ನಿಂತಿತ್ತು, ಕೆಳಗೇ ಹರಡಿದ ಕೊಂಬೆಗಳು ಬಿಸಿಲನ್ನೆಲ್ಲ ನುಂಗಿದ್ದವು. ಅವರು ಪ್ರತಿ ಮರದ ಕವಲಿಗೂ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದರು.

"ಎಂಬತ್ತರಲ್ಲಿ ಎಪ್ಪತ್ತೊಂದು, ಎಲ್ಲಾ ಎದೆಮಟ್ಟದಲ್ಲೇ. ಇದು ಗಾಳಿ ತಪ್ಪಲ್ಲಪ್ಪ, ನನ್ನ ತಪ್ಪೂ ಅಲ್ಲ. ಎಲ್ಲೋ ಮೂಲದಲ್ಲೇ ಏನೋ ಆಗಿದೆ. ನೀನೇ ಬೀಜ ತಂದೋನು, ನಿಂಗೇನಾದ್ರೂ ಗೊತ್ತಾ?" ಎಂದು ಕೇಳಿದರು.

ಗೊತ್ತಿಲ್ಲ ಎಂದೆ. ಮನೆಗೆ ಬರುವಾಗ ದಾರಿಯುದ್ದಕ್ಕೂ ಎಣಿಸುತ್ತ ಬಂದೆ. ಐದು ವರ್ಷ, ಐದು ತಂಡ. ಯಾರ ಕೊಟ್ಟಿಗೆಯ ಪಕ್ಕ ಎಷ್ಟು ನಿಂತಿವೆಯೋ, ಯಾರ ಬಾವಿಯ ಕಟ್ಟೆಯ ಮೇಲೆ, ಯಾವ ಶಾಲೆಯ ದಾರಿಯಲ್ಲಿ. ಈಗ ಗಾಳಿ ಎದ್ದರೆ ಊಟ ಮಾಡುತ್ತಿದ್ದವನು ಕೈ ನಿಲ್ಲಿಸಿ ಕೇಳಿಸಿಕೊಳ್ಳುತ್ತೇನೆ.

ಇಷ್ಟರ ಮೇಲೆ ಹೋದ ವಾರ ಅಕ್ಕ ಹಿಗ್ಗಿದ ಮುಖದಲ್ಲಿ ಬಂದಳು. ಅಂಗಳಕ್ಕೆ ಮೇವಿನ ಮರ ಎರಡು, ಜೇನಿಗಾಗುವಂಥದ್ದು ಎರಡು, ಬೇಗ ನೆರಳು ಕೊಡುವಂಥದ್ದು ನಾಲ್ಕು ಎಂದು ಕೈಪಿಡಿ ನೋಡಿಯೇ ಪಟ್ಟಿ ಮಾಡಿಕೊಂಡು ತಮ್ಮ ಕೌಂಟರಿಗೆ ಹೋಗಿದ್ದಳಂತೆ. ಎಲ್ಲದಕ್ಕೂ ಗಿಡ ಇಲ್ಲ ಎಂದರಂತೆ. ಕೊನೆಗೆ ಸಿಲ್ವರ್ ಓಕ್ ಅರವತ್ತಕ್ಕೆ ಸಹಿ ಹಾಕಿ ಬಂದಿದ್ದಾಳೆ, ಅಂಗಳದ ಸುತ್ತ ಒಂದು ಸುತ್ತು ನೆಡುವುದಕ್ಕೆ. "ಬೇರೆ ಸಿಗದಿದ್ರೆ ಹೋಗ್ಲಿ ಬಿಡು. ನನ್ನ ತಮ್ಮ ಹತ್ತಿದ ಮರದ ಬೀಜ ಅಲ್ವಾ," ಎಂದಳು. ಐದು ವರ್ಷದ ನಂತರ ಆ ಅಂಗಳದಲ್ಲಿ ಅರವತ್ತು ಸೀಳು ಕವಲುಗಳು, ಅವುಗಳ ಕೆಳಗೆ ಇಪ್ಪತ್ತೆರಡು ಮಕ್ಕಳು. ಅಂದಿನಿಂದ ನನಗೆ ಕಣ್ಣು ಮುಚ್ಚಿದರೂ ಅದೇ, ತೆರೆದರೂ ಅದೇ.

ಮಾನ್ಯರೇ, ನಾನು ತಪ್ಪಿತಸ್ಥ, ತಾವು ಏನೂ ಅರಿಯದವರು ಎಂದು ತಾವು ಈ ಹೊತ್ತಿಗೆ ಕುರ್ಚಿಗೆ ಒರಗಿಕೊಂಡಿರಬಹುದು. ಹಾಗಾದರೆ ಆ ಸೈಕಲ್ ಶೆಡ್ಡಿನ ಮರಕ್ಕೆ ಮೊಳೆ ಹೊಡೆದಿರುವ ಫಲಕದ ಬಗ್ಗೆ ಕೇಳುತ್ತೇನೆ. 'ಅಪಾಯ. ಈ ಮರದ ಕೆಳಗೆ ವಾಹನ ನಿಲ್ಲಿಸಬಾರದು. ಅಪ್ಪಣೆಯ ಮೇರೆಗೆ.' ಹೋದ ವರ್ಷ ಒಂದು ಸಣ್ಣ ಕೊಂಬೆ ತಮ್ಮ ಜೀಪಿನ ಗಾಜಿನ ಮೇಲೆ ಬಿದ್ದ ಮರುದಿನವೇ ಆ ಫಲಕ ಬಂತು. ಜೀಪಿಗೆ ಒಂದೇ ದಿನದಲ್ಲಿ ಸಿಕ್ಕ ರಕ್ಷಣೆ ಅದು. ಆ ಮರ ಅಪಾಯ ಎಂದು ತಮಗೆ ಗೊತ್ತು. ನನ್ನ ಹಗ್ಗ ಒಂಬತ್ತು ವರ್ಷ ಹಳೆಯದೆಂದು ತಮಗೆ ಗೊತ್ತು, ಪ್ರತಿ ವರ್ಷ ಹೊಸದಕ್ಕೆ ಅರ್ಜಿ ಬರೆದಿದ್ದೇನೆ. ನನ್ನ ಶಿರಸ್ತ್ರಾಣ ತಮ್ಮ ಕೋಣೆಯ ಗಾಜಿನ ಬೀರುವಿನಲ್ಲಿ, ಬಂದವರಿಗೆ ತೋರಿಸಲೆಂದು ಕುಳಿತಿದೆ. ಒಬ್ಬನೇ ಮನುಷ್ಯ, ಕೆಳಗೆ ಯಾರೂ ಇಲ್ಲದೆ, ಹತ್ತು ದಿನದಲ್ಲಿ ಮೂವತ್ತು ಮರ ಏರಿ ಇಳಿದು ಬರುತ್ತಾನೆ ಎಂಬುದನ್ನು ತಾವು ನಿಜವಾಗಿ ನಂಬಿದ್ದಿರಾ? ನಂಬದೆಯೂ ಸಹಿ ಹಾಕಿದಿರಾ? ಎರಡರಲ್ಲಿ ಯಾವುದು ಹೆಚ್ಚು ಭಯಂಕರ ಎಂದು ನನಗೆ ಹೊಳೆಯುತ್ತಿಲ್ಲ.

ಪತ್ರಿಕೆಗೆ ಕೊಡುವ ಮೊದಲು, ಇಲ್ಲಿಯವರೆಗೆ ಬರೆದದ್ದನ್ನು ನಿನ್ನೆ ಸಂಜೆ ಅಕ್ಕನ ಮುಂದೆ ಓದಿದೆ. ಮಕ್ಕಳೆಲ್ಲ ಮನೆಗೆ ಹೋಗಿದ್ದರು. ಅವಳು ಗುಡಿಸುತ್ತಿದ್ದವಳು ಪೊರಕೆ ಹಿಡಿದೇ ನಿಂತು ಕೇಳಿದಳು. ಮೂವತ್ತು ಚೀಟಿಯ ವಿಷಯ ಬಂದಾಗ ಕೆನ್ನೆಗೆ ಬಾರಿಸುತ್ತಾಳೆ ಎಂದುಕೊಂಡಿದ್ದೆ, ಬಾರಿಸಲಿ ಎಂದೂ ಅನ್ನಿಸಿತ್ತು. ಓದಿ ಮುಗಿಸಿದ ಮೇಲೆ ಗೋಡೆಯ ಮೇಲಿನ ಪ್ರಶಂಸಾ ಪತ್ರವನ್ನು ಇಳಿಸಿ, ಮುಖ ಕೆಳಗೆ ಮಾಡಿ ಮೇಜಿನ ಮೇಲಿಟ್ಟಳು.

"ಅವತ್ತು ನೀನು ಕೂಗಿದ್ಯಲ್ಲ," ಎಂದಳು, "ಎಷ್ಟು ಹೊತ್ತು ಕೂಗ್ದೆ?"

"ಗಂಟಲು ಕಟ್ಟೋ ತನಕ."

ಅವಳು ತನ್ನ ಅಂಗೈಗಳನ್ನೇ ನೋಡಿಕೊಂಡಳು. ಅಲ್ಲಿ ಹಗ್ಗ ಜಾರಿ ಜಾರಿ ಬಿದ್ದ ಗೆರೆಗಳು ಇನ್ನೂ ಇವೆ. ಆಮೇಲೆ ಅರವತ್ತು ಸಸಿಗಳ ಚೀಟಿಯನ್ನು ಹರಿದು ಒಲೆಗೆ ಹಾಕಿ, ಈ ಕಾಗದ ನಾಳೆಯೇ ಕೊಟ್ಟುಬಿಡು, ತಡ ಮಾಡಿದರೆ ನಿನಗೆ ಮತ್ತೆ ಭಯ ಹತ್ತುತ್ತದೆ ಎಂದಳು. ಈಗಲೂ ಹತ್ತಿದೆ. ಕೆಲಸ ಹೋಗುತ್ತದೆ, ಪೊಲೀಸರು ಬರಬಹುದು, ಐದು ವರ್ಷದಲ್ಲಿ ಸಸಿ ಒಯ್ದ ಅಷ್ಟೂ ಜನ ನನ್ನ ಬಾಗಿಲಿಗೆ ಬರಬಹುದು. ಬರಲಿ.

ನಾನು ಕೇಳುವುದು ಇಷ್ಟು. ಸೋಮವಾರದ ಹಂಚಿಕೆ ನಿಲ್ಲಿಸಿ. ಆ ನಲವತ್ತು ಸಾವಿರ ಸಸಿಗಳನ್ನು ಸುಡಬೇಕಿಲ್ಲ, ಮನೆ, ದಾರಿ, ಹೊಲಗಳಿಂದ ದೂರದ ಪಾಳುನೆಲದಲ್ಲಿ ಸೌದೆಗೆಂದು ನೆಟ್ಟು, ಎತ್ತರವಾಗುವ ಮೊದಲೇ ಕಡಿಯುತ್ತಿದ್ದರೆ ಸಾಕು. ಈಗಾಗಲೇ ಬೆಳೆದು ನಿಂತಿರುವ ಮರಗಳ ವಿಳಾಸ ತಮ್ಮ ಪುಸ್ತಕದಲ್ಲಿದೆ. ಅದನ್ನು ನನಗೆ ಕೊಡಿ. ಎರಡು ಕವಲಿನಲ್ಲಿ ಒಂದನ್ನು ಕತ್ತರಿಸಲು ಎದೆಮಟ್ಟಕ್ಕಿಂತ ಮೇಲೆ ಹೋಗಬೇಕಿಲ್ಲ, ಅಷ್ಟು ನನ್ನ ಕೈಲಾಗುತ್ತದೆ. ಊರೂರಿಗೆ ಹೋಗಿ ನಾನೇ ಮಾಡುತ್ತೇನೆ, ಬಾಗಿಲು ತೆರೆದವರಿಗೆಲ್ಲ ಕಾರಣವನ್ನೂ ಹೇಳುತ್ತೇನೆ. ಪಟ್ಟಿಯ ಉಳಿದ ಹನ್ನೊಂದು ಜಾತಿಗಳನ್ನು ನರ್ಸರಿಯಲ್ಲಿ ಬೆಳೆಸಿ, ಇಲ್ಲವೇ ಪಟ್ಟಿಯಿಂದ ಅಳಿಸಿ. ಮುಂದಿನ ಬೀಜದ ಕಾಲಕ್ಕೆ ಮೊದಲು ಹೊಸ ಹಗ್ಗ ಕೊಡಿ, ಹಗ್ಗ ಹಿಡಿಯುವವರ ಹುದ್ದೆಯನ್ನು ಮರಳಿ ಕೊಡಿ. ಮೇಲೆ ಹತ್ತುವವನು ನಾನಾಗಿರಬೇಕಿಲ್ಲ. ಯಾರೇ ಹತ್ತಿದರೂ ಕೂಗು ಕೇಳುವಷ್ಟು ಹತ್ತಿರದಲ್ಲಿ ಒಬ್ಬರಿರಬೇಕು.

ಇದ್ಯಾವುದೂ ಆಗದು, ಸೋಮವಾರ ಹಂಚಿಯೇ ತೀರುತ್ತೇವೆ ಎಂದರೆ ನನ್ನದು ಒಂದೇ ಬೇಡಿಕೆ. 'ಅಪಾಯ' ಎಂಬ ಆ ಫಲಕವನ್ನು ಕಿತ್ತು, ತಮ್ಮ ಜೀಪನ್ನು ಗಾಳಿ ಬೀಸುವ ಒಂದು ಇಡೀ ದಿನ ಆ ತಾಯಿಮರದ ಕೆಳಗೆ ನಿಲ್ಲಿಸಿ. ತಾವು ಅದರೊಳಗೆ ಕುಳಿತಿರಬೇಕು. ಕೂಗಬೇಕೆನಿಸಿದರೆ ಕೂಗಿ. ಈ ಸಲ ಕೆಳಗೆ ನಾವಿಬ್ಬರೂ ನಿಂತಿರುತ್ತೇವೆ, ಅಕ್ಕನೂ ನಾನೂ. ಬಾಗಿಲು ತೆಗೆದು ಹೊರಗೆ ಎಳೆದುಕೊಳ್ಳುತ್ತೇವೆ.

ಇಂತಿ,
ಆರು ವರ್ಷದ ಹಿಂದೆ ಕೂಗಿದ್ದನ್ನು ಇವತ್ತು ನೆಲದ ಮೇಲೆ ನಿಂತು ಬರೆದ,
ತಮ್ಮ ಪ್ರಶಂಸೆಗೆ ಪಾತ್ರನಾದ ಬೀಜದವನು